ವೈನು ಹಾಕಿದ ದ್ರಾಕ್ಷಿ ಐಸು

ಹಾಸನದ ಬೀದಿಗಳಲ್ಲಿ ತಳ್ಳುಗಾಡಿಯ ಮೇಲೆ ಕಪ್ಪು ದ್ರಾಕ್ಷಿ ಕಾಣಿಸಿಕೊಂಡಿತೆಂದರೆ ನಮ್ಮ ಮನೆಯ ಫ್ರೀಜರಿನಲ್ಲಿ ಬೇರೆ ಯಾವುದಕ್ಕೂ ಜಾಗವಿರುವುದಿಲ್ಲ. ಸುಲಿದಿಟ್ಟ ಅವರೆಕಾಳು, ತುರಿದಿಟ್ಟ ತೆಂಗಿನಕಾಯಿ, ಯಾರಿಗಾದರೂ ಮಂಡಿ ಉಳುಕಿದರೆ ಇರಲಿ ಎಂದು ನಮ್ಮ ಯಜಮಾನರು ಜೋಪಾನ ಮಾಡಿಟ್ಟಿರುವ ಐಸಿನ ಚೀಲ, ಎಲ್ಲಕ್ಕೂ ಎತ್ತಂಗಡಿ. ಅಲ್ಲಿಗೆ ಒಂದು ಅಗಲವಾದ ಸ್ಟೀಲಿನ ಡಬ್ಬಿ ಬಂದು ಕೂರುತ್ತದೆ. ಆಗಾಗ ಅದನ್ನು ಹೊರತೆಗೆದು, ಅಂಚಿನಲ್ಲಿ ಹರಳುಗಟ್ಟಿದ್ದನ್ನು ಫೋರ್ಕಿನಿಂದ ಕೆರೆದು, ನಡುವಿಗೆ ಎಳೆದು, ಮತ್ತೆ ಒಳಗಿಡುವುದು ನನ್ನ ಕೆಲಸ. "ಅದೇನು ತಪಸ್ಸೋ ನಿಂದು" ಎನ್ನುತ್ತಾರೆ ಯಜಮಾನರು. ಸಂಜೆ ಬಟ್ಟಲು ಹಿಡಿದು ಮೊದಲು ಬಂದು ನಿಲ್ಲುವವರೂ ಅವರೇ.

ಡಬ್ಬಿಯಲ್ಲಿರುವುದು ದ್ರಾಕ್ಷಿಯ ರಸ, ಸಕ್ಕರೆ ಪಾಕ, ಒಂದು ನಿಂಬೆಹಣ್ಣು, ಮತ್ತೆ ಸ್ವಲ್ಪ ವೈನು. ಹೌದು, ವೈನೇ. ಹೊಳೆನರಸೀಪುರದ ದೇವಸ್ಥಾನದ ಬೀದಿಯಲ್ಲಿ ಹುಟ್ಟಿ, ಕನ್ನಡ ಮೇಷ್ಟ್ರ ಮಗಳಾಗಿ ಬೆಳೆದ ನಾನು ಇದನ್ನು ಎಲ್ಲಿ ಕಲಿತೆ ಎಂದು ನೀವು ಹುಬ್ಬೇರಿಸುವುದು ಸಹಜ. ಅದನ್ನು ಹೇಳಬೇಕೆಂದರೆ ನಮ್ಮ ರುಕ್ಕತ್ತೆಯ ವಿಷಯ ಹೇಳಬೇಕಾಗುತ್ತದೆ.

ಚಿಕ್ಕವಳಿದ್ದಾಗ ನನಗೆ ಐಸೆಂದರೆ ಸೈಕಲ್ಲಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಪೋಂ ಪೋಂ ಎಂದು ಬರುತ್ತಿದ್ದವನ ಐಸ್ ಕ್ಯಾಂಡಿ. ನಮ್ಮಪ್ಪನಿಗೆ ಅದನ್ನು ಕಂಡರಾಗದು. "ಯಾವ ನೀರೋ, ಯಾವ ಬಣ್ಣವೋ" ಎನ್ನುತ್ತಿದ್ದರು. ಕೆಂಪು ಕ್ಯಾಂಡಿ ತಿಂದು ನಾಲಗೆ ಕೆಂಪಾಗಿ, ಅದನ್ನು ಮರೆಮಾಚಲು ಅಮ್ಮನ ತಟ್ಟೆಯಿಂದ ಮೊದಲೇ ಕದ್ದಿಟ್ಟುಕೊಂಡ ಎಲೆ ಅಡಿಕೆ ಅಗಿದು ಮನೆಗೆ ಬಂದಿದ್ದೇನೆ. ಎರಡಕ್ಕೂ ಸೇರಿಸಿ ಬೈಸಿಕೊಂಡಿದ್ದೇನೆ. ಐಸ್ ಕ್ರೀಮಿನ ಮಾತಂತೂ ಎತ್ತುವಂತೆಯೇ ಇರಲಿಲ್ಲ. ಅದಕ್ಕೆ ಮೊಟ್ಟೆ ಹಾಕುತ್ತಾರೆಂದು ಅಪ್ಪನಿಗೆ ಯಾರೋ ಹೇಳಿದ್ದರು. ಅಪ್ಪನ ತಲೆಗೆ ಒಂದು ಮಾತು ಹೋಗುವುದು ಕಷ್ಟ, ಹೋದ ಮೇಲೆ ಹೊರಗೆ ಬರುವುದು ಇನ್ನೂ ಕಷ್ಟ.

ರುಕ್ಕತ್ತೆ ಎಂದರೆ ರುಕ್ಮಿಣಿ, ಅಪ್ಪನ ಒಬ್ಬಳೇ ತಂಗಿ. ಹಾಸನದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ. ಟ್ರಂಕ್ ಕಾಲ್ ಕಾಲದಲ್ಲಿ ಅವಳ ದನಿ ಕೇಳಿ ಜಿಲ್ಲೆಯ ಎಷ್ಟೋ ಜನ ಮನಸ್ಸಿನಲ್ಲೇ ಒಂದು ಮುಖ ಬರೆದುಕೊಂಡಿದ್ದಿರಬೇಕು. ಆದರೆ ಮದುವೆ ಮಾತ್ರ ಕೂಡಿಬಂದಿರಲಿಲ್ಲ. ಅಪ್ಪ ಅವಳ ಜಾತಕ ಹಿಡಿದು ಅರಕಲಗೂಡಿಗೆ ಹೋದರು, ಕೊಣನೂರಿಗೆ ಹೋದರು, ಚನ್ನರಾಯಪಟ್ಟಣದಲ್ಲಿ ಒಂದು ಸಂಬಂಧ ಇನ್ನೇನು ಆಯಿತು ಎನ್ನುವಾಗ ಕೈತಪ್ಪಿತು. ಪ್ರತಿಸಲವೂ ಬಸ್ಸಿಳಿದು ಮನೆಗೆ ಬಂದವರು ಕಾಲು ತೊಳೆದು ಸುಮ್ಮನೆ ಜಗಲಿಯ ಮೇಲೆ ಕೂರುತ್ತಿದ್ದರು. ಕೊನೆಗೊಂದು ದಿನ ಅತ್ತೆಯೇ, "ಸಾಕು ಬಿಡಣ್ಣ, ನಿನ್ನ ಚಪ್ಪಲಿ ಸವೆದಿದ್ದು ಸಾಕು" ಎಂದುಬಿಟ್ಟಳು.

ನಾನು ಡಿಗ್ರಿಗೆಂದು ಹಾಸನಕ್ಕೆ ಸೇರಿ ಅವಳ ಬಾಡಿಗೆ ಮನೆಯಲ್ಲಿ ಉಳಿದುಕೊಂಡಾಗ ಅವಳಿಗೆ ನಲವತ್ತು ದಾಟಿತ್ತು. ಆ ಮನೆಗೆ ಭಾನುವಾರ ಮಧ್ಯಾಹ್ನ ಸೆಬಾಸ್ಟಿಯನ್ ಅಂಕಲ್ ಬರುತ್ತಿದ್ದರು. ಎಕ್ಸ್‌ಚೇಂಜಿನಲ್ಲೇ ಕೇಬಲ್ ವಿಭಾಗ ನೋಡಿಕೊಳ್ಳುತ್ತಿದ್ದವರು. ಹೆಂಡತಿ ತೀರಿಹೋಗಿ ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಎತ್ತರದ ಆಳು, ನಮ್ಮ ಬಾಗಿಲಿಗೆ ತಲೆ ಬಗ್ಗಿಸಿಯೇ ಬರಬೇಕು. ಬರುವಾಗ ಒಮ್ಮೆ ತಲೆ ತಗ್ಗಿಸಿದವರು ಹೋಗುವ ತನಕ ಹಾಗೇ ಇರುತ್ತಿದ್ದರು, ಅಷ್ಟು ಸಂಕೋಚದ ಸ್ವಭಾವ.

ಒಂದು ಭಾನುವಾರ ಅವರು ಮರದ ಬಕೆಟ್ಟೊಂದನ್ನು ತಂದರು. ಅದರ ನಡುವೆ ತಗಡಿನ ಡಬ್ಬಿ, ಮೇಲೆ ತಿರುಗಿಸುವ ಹಿಡಿ. ತಾಯಿಯ ಕಾಲದ್ದಂತೆ. ಸ್ಕೂಟರಿನಲ್ಲಿ ಗೋಣಿಚೀಲ, ಅದರೊಳಗೆ ಭತ್ತದ ಹೊಟ್ಟು, ಅದರೊಳಗೆ ಐಸಿನ ಗಡ್ಡೆ. ಇನ್ನೊಂದು ಕೈಯಲ್ಲಿ ತಾವೇ ಮನೆಯಲ್ಲಿ ಜಾಡಿಗೆ ಹಾಕಿ ಮಾಡಿದ ವೈನಿನ ಬಾಟಲಿ.

"ಇದನ್ನ ಸಾರ್ಬೆಟ್ ಅಂತಾರೆ" ಎಂದರು.

"ಶರಬತ್ತಾ?" ಎಂದಳು ಅತ್ತೆ.

"ಶರಬತ್ತೇ ಅನ್ನಿ. ಕುಡಿಯೋದಲ್ಲ, ತಿನ್ನೋದು."

ಡಬ್ಬಿಯೊಳಗೆ ದ್ರಾಕ್ಷಿ ರಸ, ಹೊರಗೆ ಸುತ್ತ ಐಸಿನ ಚೂರು, ಮೇಲೆ ಕಲ್ಲುಪ್ಪು. ಮೂವರೂ ಸರದಿಯ ಮೇಲೆ ಹಿಡಿ ತಿರುಗಿಸಿದೆವು. ತಿರುಗಿಸಿದೆವು, ತಿರುಗಿಸಿದೆವು, ಅದು ಗಟ್ಟಿಯಾಗಲೇ ಇಲ್ಲ. ಅಂಕಲ್ ಉತ್ಸಾಹದಲ್ಲಿ ವೈನನ್ನು ಧಾರಾಳವಾಗಿ ಸುರಿದಿದ್ದರು. ವೈನು ಹೆಚ್ಚಾದರೆ ಐಸು ಕಟ್ಟುವುದಿಲ್ಲ ಎಂಬುದು ಆಗ ತಿಳಿಯಿತು. ಕೊನೆಗೆ ಮೂವರೂ ಲೋಟದಲ್ಲಿ ಬಗ್ಗಿಸಿಕೊಂಡು ಕುಡಿದೆವು. ಅದು ವೈನೋ ಶರಬತ್ತೋ ತಿಳಿಯದೆ ಎರಡು ಲೋಟ ಕುಡಿದ ನಾನು ಓದಲೆಂದು ಪುಸ್ತಕ ಬಿಡಿಸಿ, ಅದರ ಮೇಲೇ ಕೆನ್ನೆಯಿಟ್ಟು ಸಂಜೆಯ ತನಕ ನಿದ್ದೆ ಹೊಡೆದೆ.

ಮುಂದಿನ ವಾರ ಅತ್ತೆ ತಾನೇ ಮುಂದೆ ನಿಂತಳು. ವೈನನ್ನು ಸಕ್ಕರೆಯ ಜೊತೆ ಒಲೆಯ ಮೇಲಿಟ್ಟು ಕುದಿಸಿದಳು. ಅಮಲು ಹಾರಿಹೋಗಿ, ಅಂಕಲ್ ವೈನಿಗೆ ಹಾಕಿದ್ದ ಲವಂಗ ಚಕ್ಕೆಯ ಘಮಲು ಮಾತ್ರ ಉಳಿಯಿತು. ಆರಿದ ಪಾಕಕ್ಕೆ ಸೋಸಿದ ರಸ, ನಿಂಬೆಹಣ್ಣು. ಈ ಸಲ ಹಿಡಿ ಬರಬರುತ್ತಾ ಬಿಗಿಯಾಯಿತು. ಮುಚ್ಚಳ ತೆಗೆದರೆ ಒಳಗೆ ನೇರಳೆ ಬಣ್ಣದ ಹಿಮ! ಅಂಕಲ್ ಒಂದು ಚಮಚ ತೆಗೆದು ಅತ್ತೆಗೆ ಕೊಟ್ಟರು. ಅವಳು ಅರ್ಧ ತಿಂದು, "ಹುಳಿ ಸರಿಯಾಗಿದೆಯಾ ನೋಡಿ" ಎಂದು ಆ ಚಮಚವನ್ನು ಅವರಿಗೇ ಕೊಟ್ಟಳು. ಅವರು ಉಳಿದರ್ಧ ತಿಂದರು.

ನಾನು ಕಣ್ಣು ಬಾಯಿ ಬಿಟ್ಟುಕೊಂಡು ನಿಂತೆ. ಎಂಜಲು ಕೈಯಲ್ಲಿ ಉಪ್ಪಿನಕಾಯಿ ಜಾಡಿಯ ಕಡೆ ನೋಡಿದರೂ ನನ್ನನ್ನು ಗದರುತ್ತಿದ್ದ ಅತ್ತೆ ಇವಳೇನಾ? ಅವಳು ನನ್ನ ಕಡೆ ತಿರುಗಿ, "ಏನೇ ಹಂಗ್ ನೋಡ್ತೀಯ? ನಿಂಗೂ ಕೊಡ್ತೀನಿ ತಡಿ" ಎಂದಳು. ಅವಳ ಕಿವಿ ಕೆಂಪಾಗಿತ್ತು. ನನಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

ಆ ಯುಗಾದಿಗೆ ಹೊಳೆನರಸೀಪುರಕ್ಕೆ ಬಂದಾಗ ಅತ್ತೆ ಎಲೆಯ ಮುಂದೆ ಕೂರುವ ಮೊದಲೇ ಸೆಬಾಸ್ಟಿಯನ್ ಅಂಕಲ್ಲನ್ನು ಮದುವೆಯಾಗುವ ವಿಷಯ ಅಪ್ಪನಿಗೆ ಹೇಳಿಬಿಟ್ಟಳು. ಅಪ್ಪ ಮೊದಲು ನಕ್ಕರು, ತಮಾಷೆ ಇರಬೇಕೆಂದು. ಆಮೇಲೆ ಮುಖ ಕಪ್ಪಿಟ್ಟಿತು.

"ಅವರ ಮನೇಲಿ ಹೆಂಡ ಕಾಯಿಸ್ತಾರಂತೆ?"

"ಹೆಂಡ ಅಲ್ಲಣ್ಣ, ವೈನು. ಕ್ರಿಸ್‌ಮಸ್ಸಿಗೆ ಮಾಡ್ತಾರೆ. ದ್ರಾಕ್ಷೀದು."

"ಯಾವುದಾದ್ರೂ ಅಷ್ಟೇ. ಹೆಂಡ ಕಾಯಿಸೋರ ಮನೆಗೆ ನಮ್ಮನೆ ಹುಡುಗಿ ಹೋಗೋದು ಬೇಡ."

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಮೆಲ್ಲಗೆ, "ನೀವು ದಿನಾ ರಾತ್ರಿ ಊಟ ಆದ್ಮೇಲೆ ತಗೊಳ್ತೀರಲ್ಲ ದ್ರಾಕ್ಷಾಸವ, ಅದೂ ಹುಳಿ ಬರಿಸಿದ ದ್ರಾಕ್ಷಿ ರಸಾನೇ ಅಲ್ವೇನ್ರೀ?" ಎಂದಳು.

"ಅದು ಔಷಧಿ!" ಎಂದು ಅಪ್ಪ ಕೂಗಿದರು.

ಈಗ ಯೋಚಿಸಿದರೆ ಅನಿಸುತ್ತದೆ, ಅಪ್ಪನಿಗೆ ವೈನಿನ ಮೇಲೆ ಅಷ್ಟೇನೂ ಸಿಟ್ಟಿರಲಿಲ್ಲ. ಹೇಳಲಾಗದ ಬೇರೆ ಏನೇನೋ ಇತ್ತು. ಬಾಯಿಬಿಟ್ಟು ಬೈಯಲು ವೈನೇ ಸುಲಭವಾಗಿ ಸಿಕ್ಕಿತು. ಅತ್ತೆ, "ನಿನ್ನ ಒಪ್ಪಿಗೆ ಇಲ್ಲದೆ ನಾನು ಮದುವೆ ಆಗಲ್ಲ. ಆದರೆ ಅವರನ್ನ ಬಿಡೋದೂ ಇಲ್ಲ" ಎಂದು, ಹೋಳಿಗೆ ಮುಟ್ಟದೆ ಮಧ್ಯಾಹ್ನದ ಬಸ್ಸಿಗೆ ಹೊರಟುಹೋದಳು. ಪರೀಕ್ಷೆ ಮುಗಿದ ಮೇಲೆ ಅಪ್ಪ ನನ್ನನ್ನು ಮನೆಗೆ ಕರೆಸಿಕೊಂಡರು. ಅಲ್ಲಿಂದ ನಾನು ಕಾಲೇಜಿಗೆ ದಿನಾ ಬಸ್ಸಿನಲ್ಲೇ ಓಡಾಡಿದೆ. ಅತ್ತೆಯ ಮನೆಗೆ ಹೋಗಬೇಡ ಎಂದು ಮಾತ್ರ ಅವರು ಹೇಳಲಿಲ್ಲ. ಮಧ್ಯಾಹ್ನದ ಬುತ್ತಿಯನ್ನು ನಾನು ಅಲ್ಲೇ ಬಿಚ್ಚುತ್ತಿದ್ದೆ. ಸಂಜೆ ಮನೆಗೆ ಬಂದಾಗ ಅಪ್ಪ ಪತ್ರಿಕೆಯಿಂದ ತಲೆ ಎತ್ತದೆ, "ಹಾಸನದಲ್ಲಿ ಎಲ್ಲಾ ಹೇಗಿದೆ?" ಎನ್ನುತ್ತಿದ್ದರು. "ಚೆನ್ನಾಗಿದೆ" ಎನ್ನುತ್ತಿದ್ದೆ. ಅಣ್ಣತಂಗಿಯ ನಡುವೆ ಒಂದು ವರ್ಷ ನಡೆದ ಮಾತುಕತೆ ಇಷ್ಟೇ.

ಮರುವರ್ಷ ಬೇಸಿಗೆ ಹೊತ್ತಿಗೆ ಅಪ್ಪನ ಒಸಡು ಕೈಕೊಟ್ಟಿತು. ಹಲ್ಲುಗಳೆಲ್ಲ ಅಲುಗಾಡುತ್ತಿದ್ದವು. ಹಾಸನದ ದಂತವೈದ್ಯರು ನೋಡಿ, ಒಂದನ್ನೂ ಉಳಿಸಲಾಗದೆಂದು ಬಿಡುವು ಕೊಟ್ಟು ಕೊಟ್ಟು ಎಲ್ಲವನ್ನೂ ಕಿತ್ತರು. ಒಸಡು ಪೂರ್ತಿ ಆರಿದ ಮೇಲೇ ಹಲ್ಲಿನ ಸೆಟ್ಟು, ಅಲ್ಲಿಯ ತನಕ ಮೆತ್ತಗಿನದು, ತಣ್ಣಗಿನದು ತಿನ್ನಿ, ಐಸ್ ಕ್ರೀಮ್ ಒಳ್ಳೆಯದು ಎಂದರು. ಅಪ್ಪ ಕೈ ಅಲ್ಲಾಡಿಸಿ ಬೇಡವೆಂದರು. ಮೊಟ್ಟೆ!

ಪಾಪ, ನೋಡಲಾಗುತ್ತಿರಲಿಲ್ಲ. ದವಡೆಗೆ ಟವೆಲು ಸುತ್ತಿಕೊಂಡು ಆರಾಮ ಕುರ್ಚಿಯಲ್ಲಿ ಒರಗಿರುತ್ತಿದ್ದರು. ಗಂಜಿ, ಮಜ್ಜಿಗೆ, ಮತ್ತೆ ಗಂಜಿ. ನೋವಿಗಿಂತ ಹೆಚ್ಚಾಗಿ ಮಾತು ಅವರನ್ನು ಹಿಂಡಿತು. ಅಲ್ಪಪ್ರಾಣ ಮಹಾಪ್ರಾಣ ತಪ್ಪಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಮೇಷ್ಟ್ರು, ಹಾಸನ ಎನ್ನಲು ಹೋದರೆ "ಹಾಹನ" ಎಂದಾಗುತ್ತಿತ್ತು. ನಾನು ಒಮ್ಮೆ ಕಿಸಕ್ಕೆಂದು ನಕ್ಕೆ. ಅವರು ಆಮೇಲೆ ಎರಡು ದಿನ ಬರೀ ಕೈಸನ್ನೆಯಲ್ಲೇ ಕಾಲ ಹಾಕಿದರು. ತೂಕ ಇಳಿದು ಅಂಗಿಯ ಕೊರಳು ಸಡಿಲವಾಯಿತು.

ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಇದನ್ನೆಲ್ಲ ಅತ್ತೆಗೆ ಹೇಳಿದೆ. ಅವಳು ಊಟ ನಿಲ್ಲಿಸಿದಳು. "ಏನೂ ತಿಂತಿಲ್ವಾ?" ಎಂದು ಮತ್ತೆ ಮತ್ತೆ ಕೇಳಿದಳು. ಮಾರನೆಯ ದಿನ ಶನಿವಾರ. ನಾನು ಬೆಳಗಿನ ಕ್ಲಾಸು ಮುಗಿಸಿ ಹೋದಾಗ ಅವಳು ರಜಾ ಹಾಕಿ, ಸೀರೆ ಬದಲಿಸಿ, ಅಗಲ ಬಾಯಿಯ ಫ್ಲಾಸ್ಕನ್ನು ಬುಟ್ಟಿಯಲ್ಲಿಟ್ಟು, ಸುತ್ತ ಐಸಿನ ಚೂರು ತುಂಬಿಕೊಂಡು ಕಾಯುತ್ತಿದ್ದಳು.

ಬಸ್ಸಿನಲ್ಲಿ ಬುಟ್ಟಿಯನ್ನು ಕಾಲ ಬಳಿ ಇಟ್ಟುಕೊಂಡೆವು. ಅರ್ಧ ದಾರಿಗೆ ಮುಚ್ಚಳ ಸಡಿಲವಾಗಿ, ಕೆನ್ನೀಲಿ ನೀರಿನ ಎಳೆಯೊಂದು ಹರಿದು ಮುಂದಿನ ಸೀಟಿನ ಅಜ್ಜನ ಕಾಲಿಗೆ ಮುಟ್ಟಿತು. ಅವನು ಬೆರಳದ್ದಿ ಮೂಸಿದ.

"ಏನವ್ವಾ ಇದು? ಎಂಡದ ವಾಸ್ನೆ ಬಂದಂಗಾಯ್ತದಲ್ಲಾ!"

ಕಂಡಕ್ಟರು ಹಿಂದಿನಿಂದಲೇ, "ಯಾರ್ಲಾ ಅದು ಬಸ್ನಾಗೆ ಎಂಡ ತಂದೋನು?" ಎಂದು ಕೂಗಿದ. ಬಸ್ಸಿಗೆ ಬಸ್ಸೇ ನಮ್ಮ ಕಡೆ ತಿರುಗಿತು. ನಾನು ಕಿಟಕಿಯಾಚೆಯ ಆಲೂಗಡ್ಡೆ ಹೊಲವನ್ನು ಜನ್ಮದಲ್ಲಿ ಕಾಣದವಳ ಹಾಗೆ ನೋಡತೊಡಗಿದೆ. ಅತ್ತೆ ಎದ್ದು ನಿಂತಳು.

"ನಾನು ಕಣಪ್ಪಾ ತಂದಿದ್ದು. ಹೆಂಡ ಅಲ್ಲ, ದ್ರಾಕ್ಷಿ ಐಸು. ನಮ್ಮಣ್ಣನಿಗೆ ಹಲ್ಲೆಲ್ಲಾ ಕಿತ್ತಿದಾರೆ. ಬಾಯಿಗೆ ಏನೂ ಹಾಕ್ಕೊಳ್ತಿಲ್ಲ."

ಅಜ್ಜನ ಮುಖ ಮೆತ್ತಗಾಯಿತು. "ಅಂಗಾ? ಆ ನೋವು ನಂಗೊತ್ತು ಕಣವ್ವಾ. ನಂದೂ ಎಲ್ಲಾ ಓಗವೆ, ನೋಡಿಲ್ಲಿ" ಎಂದು ಬಾಯಿ ಅಗಲಿಸಿ ತೋರಿಸಿದ. ಆಮೇಲೆ ಮುಂದಕ್ಕೆ ಬಗ್ಗಿ, "ಡ್ರೈವರಣ್ಣಾ, ಒಸಿ ಜೋರಾಗಿ ಓಡ್ಸು! ಈವಮ್ಮನ ಐಸು ಕರಗೋಯ್ತದೆ!" ಎಂದ.

ಡ್ರೈವರು ನಿಜವಾಗಿಯೂ ಜೋರಾಗಿ ಓಡಿಸಿದ. ಊರಲ್ಲಿ ಇಳಿಯುವಾಗ ಅಜ್ಜ, "ಓಗವ್ವಾ, ಬಿರ್‍ನೆ ಓಗು" ಎಂದು ಕಿಟಕಿಯಿಂದ ಕೈಬೀಸಿದ.

ಒಂದು ವರ್ಷದ ಮೇಲೆ ಹೊಸಿಲು ದಾಟಿದ ಅತ್ತೆಯನ್ನು ಅಮ್ಮ ಓಡಿಬಂದು ತಬ್ಬಿಕೊಂಡಳು. ಅಡುಗೆಮನೆಗೆ ಎಳೆದುಕೊಂಡು ಹೋಗಿ ಫ್ಲಾಸ್ಕಿನ ಮುಚ್ಚಳ ತೆಗೆದಳು, ಮೂಸಿದಳು. "ರುಕ್ಮಿಣಿ, ಇದರಲ್ಲಿ ಅದಿದೆ ತಾನೇ? ಅವರಿಗೆ ಹೇಳೋದು ಬೇಡ ಕಣೇ. ದ್ರಾಕ್ಷಿ ಶರಬತ್ತು ಅಂತ ಕೊಟ್ಟುಬಿಡೋಣ. ಪಾಪ, ತಿನ್ನಲಿ."

"ಇಲ್ಲ ಅತ್ತಿಗೆ" ಎಂದಳು ಅತ್ತೆ. "ಸುಳ್ಳು ಹೇಳಿ ಅವನಿಗೆ ತಿನ್ನಿಸಲ್ಲ."

ಬೆಳ್ಳಿಯ ಬಟ್ಟಲಿಗೆ ಹಾಕಿಕೊಂಡು ತಾನೇ ತೆಗೆದುಕೊಂಡು ಹೋದಳು. ಅಪ್ಪ ಕಣ್ಣು ಬಿಟ್ಟು ನೋಡಿದರು. ಎದ್ದು ಕೂರಲು ಹೋದರು, ಟವೆಲು ಸರಿಮಾಡಿಕೊಂಡರು, ಬಾಯಿಗೆ ಅಡ್ಡ ಕೈ ಹಿಡಿದರು. ಹಲ್ಲಿಲ್ಲದ ಬಾಯನ್ನು ತಂಗಿಗೆ ತೋರಿಸಲು ನಾಚಿಕೆ.

"ಹಾಹನದಿಂದ ಬಂದ್ಯಾ?" ಎಂದರು. ಇನ್ನು ಮುಂದೆ ಅವರ ಮಾತಿಗೆ ನಾನೇ ಹಲ್ಲು ಕಟ್ಟಿ ಬರೆಯುತ್ತೇನೆ.

ಅತ್ತೆ ಬಟ್ಟಲನ್ನು ಕುರ್ಚಿಯ ಕೈಮೇಲಿಟ್ಟಳು. "ಅಣ್ಣ, ಇದು ದ್ರಾಕ್ಷಿ ಐಸು. ಮೊಟ್ಟೆ ಇಲ್ಲ, ಹಾಲೂ ಇಲ್ಲ. ವೈನಿದೆ. ಕುದಿಸಿದೀನಿ. ವೈನು ಅವರು ಮಾಡಿದ್ದು, ಪಾಕ ನಾನು ಮಾಡಿದ್ದು, ಬಕೆಟ್ಟಿನ ಹಿಡಿ ತಿರುಗಿಸಿದ್ದು ಇಬ್ಬರೂ. ತಿನ್ನೋದಾದ್ರೆ ತಿನ್ನು. ಬೇಡ ಅಂದ್ರೆ ಎತ್ಕೊಂಡು ಹೋಗ್ತೀನಿ, ಬೇಜಾರಿಲ್ಲ."

ಅಪ್ಪ ಬಟ್ಟಲನ್ನು ನೋಡಿದರು. ಮುಟ್ಟಲಿಲ್ಲ. ಫ್ಯಾನು ಕಿರುಗುಟ್ಟುತ್ತಿತ್ತು. ಐಸಿನ ಗುಡ್ಡೆ ಒಂದು ಪಕ್ಕಕ್ಕೆ ಜಾರಿತು. ಅಂಚಿನಲ್ಲಿ ನೀರು ಕಟ್ಟಿತು. ನನಗೆ ತಡೆಯಲಾಗದೆ, "ಅಪ್ಪಾ, ಕರಗ್ತಿದೆ" ಎಂದೆ. ಅಮ್ಮ ನನ್ನ ತೋಳು ಚಿವುಟಿದಳು. ಅತ್ತೆ ಕಂಬಕ್ಕೊರಗಿ ನಿಂತವಳು ಅಲುಗಾಡಲಿಲ್ಲ. ಬಟ್ಟಲಲ್ಲಿ ಗುಡ್ಡೆ ಹೋಗಿ ದ್ವೀಪವಾಯಿತು, ದ್ವೀಪ ಹೋಗಿ ಒಂದು ಚೂರು ತೇಲತೊಡಗಿತು. ಅದೂ ಹೋಯಿತು. ಅತ್ತೆ ಮೆಲ್ಲಗೆ ಬಂದು ಬಟ್ಟಲಿಗೆ ಕೈಯಿಟ್ಟಳು.

ಅಪ್ಪ ಅವಳ ಕೈ ಹಿಡಿದರು.

"ಊರೂರು ಅಲೆದೆ ಕಣೇ ನಾನು. ನಿನಗೆ ಅಂತ ಒಬ್ಬನನ್ನ ಹುಡುಕಕ್ಕೆ ನನ್ನ ಕೈಲಾಗ್ಲಿಲ್ಲ. ನೀನು ಕೂತ ಕಡೆಯೇ ಹುಡುಕ್ಕೊಂಡುಬಿಟ್ಟೆ." ಅವರ ಕಣ್ಣಲ್ಲಿ ನೀರಿತ್ತು. "ಅದಕ್ಕೆ ಕಣೇ ಅಷ್ಟು ಸಿಟ್ಟು ಬಂದಿದ್ದು. ವೈನಿಗಲ್ಲ."

ಅತ್ತೆ ನೆಲದ ಮೇಲೆ ಕುಸಿದು, ಅವರ ಮಂಡಿಗೆ ಹಣೆಯಿಟ್ಟಳು. ಅಪ್ಪ ಒಂದು ಕೈ ಅವಳ ತಲೆಯ ಮೇಲಿಟ್ಟು, ಇನ್ನೊಂದು ಕೈಯಲ್ಲಿ ಬಟ್ಟಲೆತ್ತಿ, ಕರಗಿದ್ದನ್ನು ಅಷ್ಟಷ್ಟೇ ಗುಟುಕರಿಸುತ್ತಾ ತಳ ಕಾಣುವ ತನಕ ಕುಡಿದರು. ಒಸಡಿಗೆ ಹಿತವಾಯಿತೆಂದು ಕಾಣುತ್ತದೆ, ಕಣ್ಣು ಮುಚ್ಚಿಕೊಂಡರು. ಆಮೇಲೆ ಟವೆಲಿನಲ್ಲಿ ಬಾಯೊರೆಸಿಕೊಂಡು, "ಶರಬತ್ತು ಚೆನ್ನಾಗಿದೆ. ಗಟ್ಟಿಯಾಗಿರೋದು ಹೇಗಿರುತ್ತೋ ನೋಡಬೇಕಲ್ಲ. ನಾಳೆ ಭಾನುವಾರ ಅಲ್ವಾ? ಆ ಬಕೆಟ್ಟನ್ನ ಇಲ್ಲಿಗೇ ತರಕ್ಕೆ ಹೇಳು ಅವರಿಗೆ" ಎಂದರು.

ಸೆಬಾಸ್ಟಿಯನ್ ಅಂಕಲ್ ಬಂದರು. ಇಸ್ತ್ರಿ ಮಾಡಿದ ಬಿಳಿ ಷರಟು, ಸ್ಕೂಟರಿನಲ್ಲಿ ಬಂದದ್ದಕ್ಕೆ ಬೆನ್ನೆಲ್ಲ ಬೆವರು, ತೋಳಿಗಂಟಿದ ಭತ್ತದ ಹೊಟ್ಟು. ನಮ್ಮ ಬಾಗಿಲು ಹಾಸನದ ಬಾಗಿಲಿಗಿಂತಲೂ ಗಿಡ್ಡ, ತಲೆ ಬಗ್ಗಿಸಿಯೂ ಹಣೆ ಬಡಿಯಿತು. ಅಪ್ಪನ ಮೊದಲ ಮಾತು "ಅಯ್ಯೋ, ಪೆಟ್ಟಾಯ್ತಾ?" ಎಂದು. ಅಮ್ಮ ಅವರು ತಂದ ಐಸಿನ ಒಂದು ಚೂರನ್ನು ಬಟ್ಟೆಯಲ್ಲಿ ಸುತ್ತಿ ಹಣೆಗೆ ಒತ್ತಿಕೊಳ್ಳಲು ಕೊಟ್ಟಳು. ಒಬ್ಬರು ದವಡೆ ಹಿಡಿದುಕೊಂಡು, ಇನ್ನೊಬ್ಬರು ಹಣೆ ಹಿಡಿದುಕೊಂಡು ಎದುರುಬದುರು ಕೂತರು. ಇದಕ್ಕಿಂತ ಚಂದದ ಬೀಗರ ಭೇಟಿಯನ್ನು ನಾನು ನೋಡಿಲ್ಲ.

ಹಿತ್ತಲಿನ ಕಟ್ಟೆಯ ಮೇಲೆ ಬಕೆಟ್ಟಿಟ್ಟು ತಿರುಗಿಸಲು ಶುರುವಾಯಿತು. ಸ್ವಲ್ಪ ಹೊತ್ತು ನೋಡುತ್ತಿದ್ದ ಅಪ್ಪ, "ಕೊಡಿ ಇಲ್ಲಿ" ಎಂದು ಹಿಡಿ ತಗೊಂಡರು. ಅಂಕಲ್ ಕಲ್ಲುಪ್ಪು ಹಾಕುತ್ತಿದ್ದರು. ಹಿಡಿ ಬಿಗಿಯಾಗಿ ಅಪ್ಪನ ಕೈ ಸೋತಾಗ ಅಂಕಲ್ ಕೂಡ ಕೈ ಸೇರಿಸಿದರು. ಇಬ್ಬರೂ ಒಂದೇ ಹಿಡಿ ಹಿಡಿದು ತಿರುಗಿಸಿದರು.

ತಿನ್ನುವಾಗ ಅಂಕಲ್ ತಲೆ ತಗ್ಗಿಸಿಕೊಂಡೇ, "ಮೇಷ್ಟ್ರೇ, ರಿಜಿಸ್ಟ್ರಾರ್ ಕಚೇರಿಯಲ್ಲಿ ಮುಂದಿನ ತಿಂಗಳು ಆಗಬಹುದು ಅಂತಾರೆ. ನೀವು ಹೂಂ ಅಂದ್ರೆ ಮಾತ್ರ" ಎಂದರು.

ಅಪ್ಪ ಚಮಚ ಕೆಳಗಿಟ್ಟರು. "ಮುಂದಿನ ತಿಂಗಳು ಆಗಲ್ಲ."

ಅತ್ತೆಯ ಮುಖ ಬಿಳಿಚಿಕೊಂಡಿತು. ಅಮ್ಮ, "ಏನ್ರೀ ಇದು..." ಎಂದು ಶುರುಮಾಡಿದಳು.

"ಹೇಗಾಗುತ್ತೆ?" ಎಂದರು ಅಪ್ಪ. "ಒಸಡು ಆರಬೇಕು, ಅಳತೆ ತಗೋಬೇಕು, ಸೆಟ್ಟು ಬರಬೇಕು. ಇರೋಳೊಬ್ಬಳು ತಂಗಿ. ಅವಳ ಮದುವೆ ಫೋಟೋದಲ್ಲಿ ನಾನು ಬೊಚ್ಚು ಬಾಯಿ ಬಿಟ್ಕೊಂಡು ನಿಂತ್ಕೊಳ್ಳಾ? ತಡೀರಿ ಸ್ವಲ್ಪ."

ಅತ್ತೆ ನಗತೊಡಗಿದಳು. ನಗುನಗುತ್ತಲೇ ಅತ್ತಳು, ಸೆರಗಿನಲ್ಲಿ ಮುಖ ಒರೆಸಿಕೊಂಡು ಮತ್ತೆ ನಕ್ಕಳು. "ಇಷ್ಟು ವರ್ಷ ಕಾದಿದೀನಿ, ನಿನ್ನ ಒಸಡಿಗೋಸ್ಕರ ಇನ್ನೆರಡು ತಿಂಗಳು ಕಾಯಕ್ಕಾಗಲ್ವೇನಣ್ಣ?"

ಹಾಗೆ ನಮ್ಮ ಮನೆಯ ಒಂದು ಮದುವೆಯ ಮುಹೂರ್ತವನ್ನು ಪಂಚಾಂಗ ನೋಡದೆ ಹಲ್ಲಿನ ಡಾಕ್ಟರು ಇಟ್ಟುಕೊಟ್ಟರು. ಆ ಎರಡು ತಿಂಗಳು ಭಾನುವಾರ ತಪ್ಪದೆ ಬಕೆಟ್ಟು ಹೊಳೆನರಸೀಪುರಕ್ಕೆ ಬಂತು. ದ್ರಾಕ್ಷಿ ಮುಗಿದ ಮೇಲೆ ಮಾವಿನಹಣ್ಣಿನದಾಯಿತು, ಅದೂ ಹಿಡಿಸಿತು. ಅಪ್ಪ ಪ್ರತಿವಾರ ಕನ್ನಡಿಯ ಮುಂದೆ ನಿಂತು ಒಸಡು ಎಷ್ಟು ಆರಿದೆಯೆಂದು ಅತ್ತೆಗೆ ವರದಿ ಕೊಡುತ್ತಿದ್ದರು.

ಮಳೆ ಶುರುವಾಗುವ ಮೊದಲು ಹಾಸನದಲ್ಲಿ ಮದುವೆಯಾಯಿತು. ಕಚೇರಿಯ ಮೆಟ್ಟಿಲ ಮೇಲೆ ತೆಗೆಸಿದ ಫೋಟೋ ಇದೆ. ಅತ್ತೆ ಹಸಿರು ರೇಷ್ಮೆ ಸೀರೆಯಲ್ಲಿ ತುಟಿ ಬಿಗಿಹಿಡಿದು ಅಳು ತಡೆದುಕೊಂಡು ನಿಂತಿದ್ದಾಳೆ. ಸೆಬಾಸ್ಟಿಯನ್ ಮಾವ ಎಂದಿನಂತೆ ನೆಲ ನೋಡುತ್ತಿದ್ದಾರೆ. ಅಮ್ಮ ಕಣ್ಣು ಮುಚ್ಚಿದ್ದಾಳೆ, ನನ್ನ ಅರ್ಧ ಮುಖ ಯಾರದೋ ಹೆಗಲ ಹಿಂದೆ. ಕ್ಯಾಮೆರಾ ನೋಡಿ ನಗುತ್ತಿರುವವರು ನಮ್ಮಪ್ಪ ಒಬ್ಬರೇ. ಹೊಸ ಹಲ್ಲುಗಳಲ್ಲಿ ಒಂದೂ ಮರೆಯಾಗದ ಹಾಗೆ, ಬಾಯಿ ತುಂಬ.